ಚಾಕು, ಸೂಜಿ, ಮಾತ್ರೆ: ಮಾವನ ಲಿವರ್ ಮತ್ತು ಇನ್ನೂರು ವರ್ಷದ ಜಗಳ

ಭಾಗ 1/9

ಹೋದ ಮಳೆಗಾಲದಲ್ಲಿ ನಮ್ಮ ಮನೇಲಿ ದೊಡ್ಡ ಜಗಳ ಆಯ್ತು. ಆಸ್ತಿ ಜಗಳ ಅಲ್ಲ, ಮಾವನ ಲಿವರ್ ಜಗಳ.

ಮಾವ ಅಂದ್ರೆ ಅಮ್ಮನ ತಮ್ಮ. ಪೀಣ್ಯದಲ್ಲಿ ಲೇತ್ ಕೆಲಸ. ಚಿಕ್ಕಬಾಣಾವರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇರ್ತಾರೆ. ಒಂದು ವಾರ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಅಂತಿದ್ರು. ಗ್ಯಾಸ್ ಅಂದ್ಕೊಂಡು ಜೀರಿಗೆ ಕಷಾಯ ಕುಡಿದ್ರು. ಆಮೇಲೆ ಚಳಿ ಜ್ವರ ಬಂತು. ಸ್ಕ್ಯಾನ್ ಮಾಡಿಸಿದ್ರೆ ಲಿವರ್ ಒಳಗೆ 7 ಸೆಂಟಿಮೀಟರ್ ಕೀವಿನ ಗಡ್ಡೆ. ಡಾಕ್ಟರ್ ಹೇಳಿದ ಹೆಸರು: ಅಮೀಬಿಕ್ ಲಿವರ್ ಆಬ್ಸೆಸ್.

"ಮೊದಲು ಮಾತ್ರೆ ಮತ್ತು ಡ್ರಿಪ್. ಮೂರು ನಾಲ್ಕು ದಿನ ನೋಡೋಣ" ಅಂದ್ರು ಡಾಕ್ಟರ್.

ಜಗಳ ಶುರುವಾಗಿದ್ದೇ ಅಲ್ಲಿ. ಅಜ್ಜಿ: "ಇಷ್ಟು ದಪ್ಪ ಕೀವಿಗೆ ಮಾತ್ರೆನಾ? ಕೊಯ್ದು ತೆಗೆಸ್ರೋ." ಅತ್ತೆಯ ಅಣ್ಣ: "ನಮ್ಮ ಆಫೀಸಲ್ಲಿ ಒಬ್ಬರಿಗೆ ಪೈಪ್ ಹಾಕಿದ್ರು, ಎರಡೇ ದಿನಕ್ಕೆ ಸರಿಹೋಯ್ತು." ಪಕ್ಕದ ಮನೆಯವರು: "ಒಂದು ಸಲ ಸೂಜಿ ಹಾಕಿ ಎಳೆದರೆ ಸಾಕಂತೆ." ಅತ್ತೆ ಏನೂ ಮಾತಾಡದೆ ಆಸ್ಪತ್ರೆ ಕಾರಿಡಾರಲ್ಲಿ ಕೂತಿದ್ರು.

ನಾನು ಬಿಕಾಂ. ನಂಗೆ ಗೊತ್ತಿರೋದು ಒಂದೇ, ಗೊಂದಲ ಆದರೆ ಕಾಲಂ ಹಾಕಿ ಬರೆಯೋದು. ಅವತ್ತು ರಾತ್ರಿ ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ ಎಳೆದೆ: ಆಪರೇಷನ್, ಪೈಪ್, ಸೂಜಿ, ಮಾತ್ರೆ. ತುಂಬೋಕೆ ಹೋದಾಗ ಒಂದು ವಿಷಯ ಗೊತ್ತಾಯ್ತು. ನಮ್ಮ ಮನೆಯವರು ಯಾರೂ ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಿರಲಿಲ್ಲ. ಒಬ್ಬೊಬ್ಬರು ಹೇಳಿದ್ದೂ ಯಾವುದೋ ಒಂದು ಕಾಲದಲ್ಲಿ ಡಾಕ್ಟರ್‌ಗಳೇ ಹೇಳಿದ್ದ ಮಾತು.

ಹಾಗಾಗಿ ಈ ಸಲದ ಇತಿಹಾಸ ಸೀರೀಸ್ ರಾಜರದ್ದಲ್ಲ, ಒಂದು ಕೀವಿನ ಗಡ್ಡೆದು. ನಾನು ಡಾಕ್ಟರ್ ಅಲ್ಲ. ಇದನ್ನ ಓದಿ ಯಾರೂ ಮಾತ್ರೆ ತಗೋಬೇಡಿ, ಬಿಡಲೂಬೇಡಿ. ಡಾಕ್ಟರ್ ಹತ್ರ ಸರಿಯಾದ ಪ್ರಶ್ನೆ ಕೇಳೋಕೆ ಇದು ಸಾಕಾದ್ರೆ ಸಾಕು.

ಭಾಗ 2/9

ಮೊದಲು ಶತ್ರು ಯಾರು ಅಂತ ತಿಳ್ಕೊಳ್ಳೋಣ.

ಹೈಸ್ಕೂಲ್ ಬಯಾಲಜಿಯಲ್ಲಿ ಅಮೀಬಾ ಚಿತ್ರ ಬರೆದಿದ್ದೀರಲ್ಲ, ಅದರ ಕೆಟ್ಟ ನೆಂಟ ಇದು. ಹೆಸರು ಎಂಟಮೀಬಾ ಹಿಸ್ಟೊಲಿಟಿಕಾ. ಹಿಸ್ಟೊಲಿಟಿಕಾ ಅಂದ್ರೆ ಅಂಗಾಂಶವನ್ನು ಕರಗಿಸೋದು ಅಂತ. 1903ರಲ್ಲಿ ಜರ್ಮನಿಯ ಫ್ರಿಟ್ಜ್ ಶೌಡಿನ್ ಈ ಹೆಸರು ಕೊಟ್ಟ. ಹೆಸರಿಗೆ ತಕ್ಕ ಕೆಲಸ.

ಇದು ಎರಡು ವೇಷದಲ್ಲಿ ಇರುತ್ತೆ. ಒಂದು, ಗಟ್ಟಿ ಚಿಪ್ಪಿನ ಸಿಸ್ಟ್. ಗಲೀಜು ನೀರು, ತೊಳೆಯದ ಕೈ, ಹಸಿ ಸೊಪ್ಪು ತರಕಾರಿ, ಇವುಗಳ ಜೊತೆ ನಮ್ಮ ಹೊಟ್ಟೆಗೆ ಹೋಗೋದು ಈ ವೇಷದಲ್ಲಿ. ಇನ್ನೊಂದು, ಕರುಳಲ್ಲಿ ಚಿಪ್ಪು ಒಡೆದು ಓಡಾಡೋ ಅಮೀಬಾ. ಹೊಟ್ಟೆಗೆ ಹೋದ ಬಹಳಷ್ಟು ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ಆಮಶಂಕೆ ಬರುತ್ತೆ. ಇನ್ನೂ ಕೆಲವರಲ್ಲಿ ಅದು ಕರುಳಿನ ಗೋಡೆ ಕೊರೆದು, ರಕ್ತದ ಜೊತೆ ಲಿವರ್‌ಗೆ ಹೋಗಿ ಕೂರುತ್ತೆ. ಹೆಚ್ಚಾಗಿ ಲಿವರಿನ ಬಲಭಾಗದಲ್ಲಿ.

ಅಲ್ಲಿ ಲಿವರ್ ಕರಗಿ ದ್ರವ ಆಗುತ್ತೆ. ನಾವು ಕೀವು ಅಂತೀವಿ, ಆದ್ರೆ ಗಾಯದಲ್ಲಿ ಬರೋ ಹಳದಿ ಕೀವಿನ ಥರ ಅಲ್ಲ. ಕರಗಿದ ಚಾಕೊಲೇಟ್ ಬಣ್ಣ. ಅಮೀಬಾಗಳು ಆ ದ್ರವದಲ್ಲಿ ಇರೋದು ಕಮ್ಮಿ, ಗಡ್ಡೆಯ ಗೋಡೆಗೆ ಅಂಟಿಕೊಂಡಿರ್ತವೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಮೋಸ ಏನಂದ್ರೆ, ಲಿವರ್‌ಗೆ ಬಂದ ಹೊತ್ತಿಗೆ ಭೇದಿ ಇರಲೇಬೇಕು ಅಂತಿಲ್ಲ. ಮಾವನಿಗೆ ಒಂದು ದಿನವೂ ಭೇದಿ ಆಗಿರಲಿಲ್ಲ. ಮಲ ಪರೀಕ್ಷೆ ರಿಪೋರ್ಟೂ ನಾರ್ಮಲ್. ಈ ಕಾಯಿಲೆಯಲ್ಲಿ ಹಾಗಾಗೋದು ಮಾಮೂಲು. ಹಾಗಾಗಿ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ನೋಡ್ತಾರೆ.

ಹೆಂಗಸರಿಗಿಂತ ಗಂಡಸರಿಗೆ ಇದು 7ರಿಂದ 10 ಪಟ್ಟು ಜಾಸ್ತಿ. ಅದರಲ್ಲೂ ದುಡಿಯೋ ವಯಸ್ಸಿನವರಿಗೆ.

ಭಾಗ 3/9

ಈಗ ಹಿಂದಕ್ಕೆ ಹೋಗೋಣ.

1809ರಲ್ಲಿ ಬೆಂಗಳೂರು ದಂಡು ಶುರುವಾಯ್ತು. ಈಗ ನಾವು ಶಿವಾಜಿನಗರ, ಹಲಸೂರು ಅನ್ನೋ ಕಡೆ ಎಲ್ಲ ಮದ್ರಾಸ್ ಸೈನ್ಯದ ಬ್ಯಾರಕ್ಕು. ಆ ಕಾಲದಲ್ಲಿ ಬಿಳಿ ಸೈನಿಕರನ್ನ ಹೆದರಿಸ್ತಿದ್ದ ಕಾಯಿಲೆಗಳಲ್ಲಿ ಆಮಶಂಕೆ ಮತ್ತು ಲಿವರ್ ಬಾವು ಎರಡೂ ಇದ್ದವು. ಮದ್ರಾಸಲ್ಲಿ ಕೆಲಸ ಮಾಡ್ತಿದ್ದ ಜೇಮ್ಸ್ ಆನೆಸ್ಲಿ ಅನ್ನೋ ಡಾಕ್ಟರ್ 1828ರಲ್ಲಿ ಭಾರತದ ಕಾಯಿಲೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. ಆಮಶಂಕೆಗೂ ಲಿವರ್ ಬಾವಿಗೂ ಏನೋ ನಂಟಿದೆ ಅಂತ ಅವನಿಗೆ ಕಂಡಿತ್ತು. ಯಾಕೆ ಅಂತ ಗೊತ್ತಿರಲಿಲ್ಲ.

ಕಾರಣ ಗೊತ್ತಿಲ್ಲದಾಗ ಜನ ಏನು ಮಾಡ್ತಾರೆ? ರೋಗಿಯನ್ನೇ ಬೈತಾರೆ. ಆ ಕಾಲದಲ್ಲಿ ಇಲ್ಲಿನ ಬಿಸಿಲು, ಖಾರದ ಊಟ, ಕುಡಿತ, ಇವೇ ಕಾರಣ ಅಂತ ನಂಬಿದ್ರು. ಚಿಕಿತ್ಸೆ ಅಂದ್ರೆ ರಕ್ತ ಹರಿಸೋದು, ಜಿಗಣೆ ಕಚ್ಚಿಸೋದು, ಪಾದರಸದ ಔಷಧಿ ಕೊಡೋದು.

ನಗಬೇಡಿ. ನಮ್ಮ ಮನೇಲೂ ಹಂಗೇ ಆಯ್ತು. ಲಿವರ್ ಅನ್ನೋ ಪದ ಕಿವಿಗೆ ಬಿದ್ದ ತಕ್ಷಣ ಬೀದಿಯಲ್ಲಿ ಪಿಸುಮಾತು: "ಎಣ್ಣೆ ಜಾಸ್ತಿ ಆಗಿರಬೇಕು." ಮಾವ ಹಬ್ಬ ಹರಿದಿನದಲ್ಲಿ ಕುಡೀತಾರೆ, ಇಲ್ಲ ಅನ್ನಲ್ಲ. ಕುಡಿಯೋರಲ್ಲಿ ಈ ಕಾಯಿಲೆ ಜಾಸ್ತಿ ಕಾಣಿಸುತ್ತೆ ಅನ್ನೋದೂ ನಿಜ. ಆದ್ರೆ ಗಡ್ಡೆ ಮಾಡೋದು ಅಮೀಬಾ. ಒಂದು ತೊಟ್ಟೂ ಕುಡಿಯದವರಿಗೂ ಬರುತ್ತೆ. ಆ ನಾಚಿಕೆಗೇ ಮಾವ ಒಂದು ವಾರ ಡಾಕ್ಟರ್ ಹತ್ರ ಹೋಗಿರಲಿಲ್ಲ ಅಂತ ಆಮೇಲೆ ಅತ್ತೆ ಹೇಳಿದ್ರು.

ಅಸಲಿ ಕಾರಣ ಸಿಕ್ಕಿದ್ದು ನಿಧಾನವಾಗಿ. 1875ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ಯೋದರ್ ಲ್ಯೋಶ್ ಒಬ್ಬ ರೋಗಿಯ ಮಲದಲ್ಲಿ ಅಮೀಬಾ ನೋಡಿದ. 1883ರಲ್ಲಿ ಕಾಲರಾ ಹುಡುಕಿಕೊಂಡು ಈಜಿಪ್ಟ್‌ಗೆ ಹೋಗಿದ್ದ ರಾಬರ್ಟ್ ಕಾಖ್‌ಗೆ ಸತ್ತವರ ಕರುಳಲ್ಲೂ ಲಿವರ್ ಗಡ್ಡೆಯಲ್ಲೂ ಅದೇ ಅಮೀಬಾ ಸಿಕ್ತು. 1890ರಲ್ಲಿ ಅಮೆರಿಕದ ಬಾಲ್ಟಿಮೋರಲ್ಲಿ ವಿಲಿಯಂ ಆಸ್ಲರ್ ಲಿವರ್ ಕೀವಲ್ಲಿ ಕಂಡ. ಮರುವರ್ಷ ಅದೇ ಆಸ್ಪತ್ರೆಯ ಕೌನ್ಸಿಲ್‌ಮನ್ ಮತ್ತು ಲಫ್ಲರ್ ಇದಕ್ಕೆ ಅಮೀಬಿಕ್ ಅಂತಲೇ ಹೆಸರಿಟ್ಟು ಪೂರ್ತಿ ವಿವರ ಬರೆದ್ರು.

ಕಾರಣ ಸಿಕ್ಕಿತು, ಔಷಧಿ ಇನ್ನೂ ಇಲ್ಲ. ಕೈಯಲ್ಲಿ ಇದ್ದಿದ್ದು ಚಾಕು.

ಭಾಗ 4/9

ಇದು ಅಜ್ಜಿ ಪಕ್ಷ. "ಕೀವು ಇದೆಯಾ? ಕೊಯ್ದು ತೆಗಿ." ಕೇಳೋಕೆ ಎಷ್ಟು ಸರಿ ಅನ್ಸುತ್ತೆ ಅಲ್ವಾ? ಕಾಲಲ್ಲಿ ಕುರು ಆದ್ರೆ ಹಂಗೇ ತಾನೇ ಮಾಡೋದು?

ನೂರು ವರ್ಷದ ಹಿಂದಿನ ಸರ್ಜನ್‌ಗಳೂ ಹಂಗೇ ಮಾಡ್ತಿದ್ರು. ಹೊಟ್ಟೆ ಅಥವಾ ಪಕ್ಕೆ ಕೊಯ್ದು, ಲಿವರ್ ತೆರೆದು, ಕೀವು ಹೊರಗೆ ಹರಿಯೋಕೆ ಬಿಡೋದು. ಜನ ಸಾಯ್ತಿದ್ರು.

ಯಾಕೆ ಅಂತ ಕೇಳಿದವನು ಕಲ್ಕತ್ತಾದ ಲಿಯೊನಾರ್ಡ್ ರೋಜರ್ಸ್. ಅವನು ಗಮನಿಸಿದ್ದು ಇಷ್ಟು: ಈ ಗಡ್ಡೆಯ ದ್ರವದಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರಲ್ಲ, ಅಮೀಬಾ ಮಾತ್ರ. ನಾವು ಕೊಯ್ದು ತೆರೆದಿಟ್ಟ ಮೇಲೆ ಹೊರಗಿನ ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ. ಆಂಟಿಬಯೋಟಿಕ್ ಇಲ್ಲದ ಕಾಲ. ಕಾಯಿಲೆಗಿಂತ ಬಾಗಿಲು ತೆಗೆದಿದ್ದೇ ರೋಗಿಗೆ ಮುಳುವಾಗ್ತಿತ್ತು. ಹಾಗಾದ್ರೆ ಕೊಯ್ಯೋದು ಬೇಡ, ಸೂಜಿಯಿಂದ ಎಳೆದು ಮತ್ತೆ ಮುಚ್ಚಿಬಿಡೋಣ ಅಂದ.

1922ರಲ್ಲಿ ಅವನು ಕೊಟ್ಟ ಲೆಕ್ಕ ನೋಡಿ. ಕೊಯ್ದು ತೆರೆದ 2,661 ರೋಗಿಗಳಲ್ಲಿ ಸತ್ತವರು ಶೇ. 56.8. ಸೂಜಿಯಿಂದ ಎಳೆದು, ಜೊತೆಗೆ ಒಂದು ಹೊಸ ಇಂಜೆಕ್ಷನ್ ಕೊಟ್ಟ 111 ರೋಗಿಗಳಲ್ಲಿ ಸತ್ತವರು ಶೇ. 14.4.

ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರು ಈಗ ಕೈ ಎತ್ತಬೇಕು. ಒಂದು ಗುಂಪು 2,661, ಇನ್ನೊಂದು ಬರೀ 111. ಬೇರೆ ಬೇರೆ ಕಾಲದ ರೋಗಿಗಳು. ಮೇಲಾಗಿ ಒಂದೇ ಸಲ ಎರಡು ಬದಲಾವಣೆ: ಚಾಕು ಹೋಗಿ ಸೂಜಿ ಬಂತು, ಹೊಸ ಔಷಧಿಯೂ ಬಂತು. ಉಳಿಸಿದ್ದು ಯಾವುದು? ಈ ಲೆಕ್ಕದಿಂದ ಹೇಳೋಕಾಗಲ್ಲ. ಆದ್ರೂ 56.8 ಎಲ್ಲಿ, 14.4 ಎಲ್ಲಿ! ಇಷ್ಟು ವ್ಯತ್ಯಾಸವನ್ನ ಬರೀ ಅದೃಷ್ಟ ಅನ್ನೋದು ಕಷ್ಟ.

ಅಜ್ಜಿಗೆ ಇದನ್ನ ಹೇಳಿದೆ. "ಅರ್ಧಕ್ಕರ್ಧ ಜನ ಹೋಗ್ತಿದ್ರಾ?" ಅಂತ ಕೇಳಿ ಸುಮ್ಮನಾದ್ರು. ಆಮೇಲೆ ಕೊಯ್ಯೋ ಮಾತು ಎತ್ತಲಿಲ್ಲ.

ಭಾಗ 5/9

ಆ ಹೊಸ ಇಂಜೆಕ್ಷನ್ ಎಲ್ಲಿಂದ ಬಂತು? ಒಂದು ಬೇರಿನಿಂದ.

ಬ್ರೆಜಿಲ್ ಕಾಡಿನ ಗಿಡ, ಇಪಿಕಾಕ್. ಅದರ ಬೇರು ತಿಂದ್ರೆ ಜೋರು ವಾಂತಿ. ಆಮಶಂಕೆಗೆ ಅದು ಮದ್ದು ಅನ್ನೋದು ಯೂರೋಪಿಗೆ 1600ರ ದಶಕದಲ್ಲೇ ಗೊತ್ತಾಯ್ತು. ಪ್ಯಾರಿಸ್ಸಲ್ಲಿ ಹೆಲ್ವೇಶಿಯಸ್ ಅನ್ನೋ ವೈದ್ಯ ಇದನ್ನ ಗುಟ್ಟಿನ ಮದ್ದು ಅಂತ ಮಾರ್ತಿದ್ದ. ಕೊನೆಗೆ ರಾಜ 14ನೇ ಲೂಯಿ ದುಡ್ಡು ಕೊಟ್ಟು ಆ ಗುಟ್ಟನ್ನ ಕೊಂಡುಕೊಂಡ. ನಮ್ಮ ಸಿಲಬಸ್ಸಲ್ಲಿ ಟ್ರೇಡ್ ಸೀಕ್ರೆಟ್ ಅಂತ ಓದ್ತೀವಲ್ಲ, ಅದೇ.

1817ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಮಜಾಂಡಿ ಆ ಬೇರಿನಿಂದ ಎಮೆಟಿನ್ ಬೇರ್ಪಡಿಸಿದ್ರು. ಅದು ಅಮೀಬಾವನ್ನ ಕೊಲ್ಲುತ್ತೆ ಅಂತ ಫಿಲಿಪ್ಪೀನ್ಸ್‌ನಲ್ಲಿದ್ದ ಅಮೆರಿಕದ ಸೇನಾ ಡಾಕ್ಟರ್ ಎಡ್ವರ್ಡ್ ವೆಡರ್ ಪ್ರಯೋಗಾಲಯದಲ್ಲಿ ತೋರಿಸಿದ. ಬಾಯಲ್ಲಿ ಕೊಟ್ರೆ ರೋಗಿ ವಾಂತಿ ಮಾಡ್ತಾನೆ, ಔಷಧಿ ಒಳಗೆ ನಿಲ್ಲಲ್ಲ. ರೋಜರ್ಸ್ 1912ರಲ್ಲಿ ಅದನ್ನೇ ಚರ್ಮದ ಕೆಳಗೆ ಇಂಜೆಕ್ಷನ್ ಕೊಟ್ಟ. ಆಮಶಂಕೆಯೂ ಇಳೀತು, ಲಿವರ್ ಊತವೂ ಇಳೀತು. ಲಿವರ್ ಒಳಗಿನ ಅಮೀಬಾವನ್ನ ಔಷಧಿಯಿಂದಲೇ ಕೊಲ್ಲಬಹುದು ಅಂತ ನಿಜವಾಗಿ ಗೊತ್ತಾಗಿದ್ದು ಇಲ್ಲಿ, ನಮ್ಮ ದೇಶದಲ್ಲೇ.

ಆದ್ರೆ ಬೆಲೆ ಇತ್ತು. ಎಮೆಟಿನ್ ಹೃದಯಕ್ಕೆ ವಿಷ. ದೇಹದಿಂದ ಬೇಗ ಹೋಗಲ್ಲ, ದಿನ ದಿನ ಸೇರ್ತಾ ಹೋಗುತ್ತೆ. ಇಂಜೆಕ್ಷನ್ ನಡೀವಾಗ ರೋಗಿ ಹಾಸಿಗೆ ಬಿಟ್ಟು ಏಳಬಾರದು, ನಾಡಿ ನೋಡ್ತಾ ಇರಬೇಕು. ಉಳಿಸೋ ಡೋಸಿಗೂ ಕೊಲ್ಲೋ ಡೋಸಿಗೂ ಅಂತರ ಕಮ್ಮಿ. ಆದ್ರೂ ಹತ್ತಾರು ವರ್ಷ ಇದೇ ಮುಖ್ಯ ಔಷಧಿ, ಯಾಕಂದ್ರೆ ಬೇರೆ ಇರಲಿಲ್ಲ.

ಭಾಗ 6/9

ಮುಂದಿನ ತಿರುವು ಮಲೇರಿಯಾ ಮಾತ್ರೆಯಿಂದ. ಎರಡನೇ ಮಹಾಯುದ್ಧದ ನಂತರ ಕ್ಲೋರೊಕ್ವಿನ್ ಬಂತು. ಇದು ಲಿವರಿನಲ್ಲಿ ಚೆನ್ನಾಗಿ ಸೇರಿಕೊಳ್ಳುತ್ತೆ. ಹಾಗಾದ್ರೆ ಅಲ್ಲಿರೋ ಅಮೀಬಾ ಮೇಲೂ ಕೆಲಸ ಮಾಡಬಹುದಲ್ವಾ? 1948ರಲ್ಲಿ ಅಮೆರಿಕದ ನೀಲ್ ಕೋನನ್ ಕೊಟ್ಟು ನೋಡಿದ. ಕೆಲಸ ಮಾಡ್ತು. ಹೃದಯದ ಭಯ ಎಮೆಟಿನ್‌ಗಿಂತ ಕಮ್ಮಿ.

ಆಮೇಲೆ ಬಂದಿದ್ದು ನೀವೆಲ್ಲ ಕೇಳಿರೋ ಹೆಸರು: ಮೆಟ್ರೊನಿಡಜೋಲ್. ಫ್ಲಾಜಿಲ್ ಅಂದ್ರೆ ಅಜ್ಜಿಗೂ ಗೊತ್ತು. ಫ್ರಾನ್ಸಿನ ಕಂಪನಿಯೊಂದು 1950ರ ದಶಕದ ಕೊನೆಯಲ್ಲಿ ಇದನ್ನ ತಂದಿದ್ದು ಹೆಂಗಸರಿಗೆ ಬರೋ ಒಂದು ಬೇರೆಯೇ ಸೋಂಕಿಗೆ. 1966ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಪಾವೆಲ್, ವಿಲ್ಮಟ್ ಮತ್ತು ಜೊತೆಗಾರರು ಅದನ್ನ ಆಮಶಂಕೆಗೂ ಲಿವರ್ ಗಡ್ಡೆಗೂ ಕೊಟ್ಟು, ಎರಡಕ್ಕೂ ಕೆಲಸ ಮಾಡುತ್ತೆ ಅಂತ ತೋರಿಸಿದ್ರು.

ಅಲ್ಲಿಂದ ಆಟವೇ ಬದಲಾಯ್ತು. ಸೂಜಿ ಬೇಡ, ಹಾಸಿಗೆ ಹಿಡಿದು ನಾಡಿ ಎಣಿಸೋದು ಬೇಡ. ಒಂದು ಸ್ಟ್ರಿಪ್ ಬೆಲೆ ಇವತ್ತು ಒಂದು ಮಸಾಲೆ ದೋಸೆಗಿಂತ ಕಮ್ಮಿ. ಅರ್ಧಕ್ಕರ್ಧ ಜನ ಸಾಯ್ತಿದ್ದ ಕಾಯಿಲೆ ಈಗ, ಗಡ್ಡೆ ಒಡೆಯೋ ಮುಂಚೆ ಚಿಕಿತ್ಸೆ ಸಿಕ್ಕಿದ್ರೆ, ಹೆಚ್ಚಿನವರಿಗೆ ಮಾತ್ರೆಯಲ್ಲೇ ವಾಸಿ.

ಭಾಗ 2ರಲ್ಲಿ ನೆನಪಿಟ್ಟುಕೊಳ್ಳಿ ಅಂದಿದ್ದೆ ಅಲ್ವಾ? ಅಮೀಬಾ ಇರೋದು ಗೋಡೆಯಲ್ಲಿ. ಕೀವು ಪೂರ್ತಿ ಎಳೆದ್ರೂ ಅವು ಅಲ್ಲೇ ಇರ್ತವೆ. ರಕ್ತದ ಮೂಲಕ ಬರೋ ಮಾತ್ರೆ ಗೋಡೆಗೆ ಹೋಗಿ ಮುಟ್ಟುತ್ತೆ. "ಇಷ್ಟು ದಪ್ಪ ಕೀವಿಗೆ ಮಾತ್ರೆನಾ?" ಅನ್ನೋ ಅಜ್ಜಿ ಪ್ರಶ್ನೆಗೆ ಉತ್ತರ ಇದೇ.

ಮಾತ್ರೆಗೂ ತೊಂದರೆ ಇದೆ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ, ಊಟ ಸೇರಲ್ಲ, ವಾಕರಿಕೆ. ಕೋರ್ಸ್ ಮುಗಿಯೋವರೆಗೂ, ಆಮೇಲೂ ಕೆಲವು ದಿನ ಮದ್ಯ ಮುಟ್ಟಬೇಡಿ ಅಂತಾರೆ. ಸುಮಾರು ಜನ ಮಧ್ಯದಲ್ಲಿ ಬಿಡೋದು ಇದಕ್ಕೇ.

ಭಾಗ 7/9

ಈಗ ನನ್ನ ನೋಟ್‌ಬುಕ್ಕಿನ ಟೇಬಲ್. ಇವತ್ತು ಇರೋ ದಾರಿಗಳು:

ಮಾತ್ರೆ ಅಥವಾ ಡ್ರಿಪ್ ಮಾತ್ರ: ಎಲ್ಲರಿಗೂ ಇದೇ ಬುಡ. ಸರಿಯಾಗಿ ಕೆಲಸ ಮಾಡಿದ್ರೆ ಮೂರು ನಾಲ್ಕು ದಿನದಲ್ಲಿ ಜ್ವರ, ನೋವು ಇಳಿಯುತ್ತೆ.

ಸೂಜಿ: ಸ್ಕ್ಯಾನ್ ನೋಡ್ಕೊಂಡು ಚರ್ಮದ ಮೂಲಕ ಸೂಜಿ ಹಾಕಿ ಎಳೆಯೋದು. ಮಾತ್ರೆಗೆ ಬದಲಾಗಿ ಅಲ್ಲ, ಮಾತ್ರೆಯ ಜೊತೆಗೆ. ಗಡ್ಡೆ ತುಂಬ ದೊಡ್ಡದು, ಒಡೆಯೋ ಹಾಗಿದೆ, ಲಿವರಿನ ಎಡಭಾಗದಲ್ಲಿದೆ (ಅಲ್ಲಿಂದ ಹೃದಯದ ಚೀಲ ಹತ್ರ), ನಾಲ್ಕೈದು ದಿನ ಆದ್ರೂ ಜ್ವರ ಬಿಡ್ತಿಲ್ಲ, ಅಥವಾ ಅಮೀಬಾನೋ ಬ್ಯಾಕ್ಟೀರಿಯಾನೋ ಅನುಮಾನ, ಇಂಥ ಕಡೆ ಇದನ್ನ ಯೋಚಿಸ್ತಾರೆ.

ಪೈಪ್: ಆಸ್ಪತ್ರೆಯವರು ಪಿಗ್‌ಟೇಲ್ ಅಂತಾರೆ, ತುದಿ ಹಂದಿ ಬಾಲದ ಥರ ಸುರುಳಿ. ಕೆಲವು ದಿನ ಒಳಗೇ ಬಿಟ್ಟು ಕೀವು ಹರಿಸೋದು.

ಆಪರೇಷನ್: ಗಡ್ಡೆ ಹೊಟ್ಟೆಯೊಳಗೆ ಒಡೆದಾಗ ಅಥವಾ ಉಳಿದಿದ್ದು ಯಾವುದೂ ನಡೆಯದಾಗ.

ಸೂಜಿನಾ ಪೈಪಾ? 1998ರಲ್ಲಿ ಚಂಡೀಗಢದ ಪಿಜಿಐ ಡಾಕ್ಟರ್‌ಗಳು 50 ಲಿವರ್ ಗಡ್ಡೆ ರೋಗಿಗಳನ್ನ ಎರಡು ಗುಂಪು ಮಾಡಿ ಹೋಲಿಸಿದ್ರು. ಸೂಜಿಯಲ್ಲಿ 25ಕ್ಕೆ 15 ಜನ ಸರಿಹೋದ್ರು, ಪೈಪಲ್ಲಿ 25ಕ್ಕೆ 25. ಅತ್ತೆಯ ಅಣ್ಣ ಗೆದ್ದ ಹಾಗಾಯ್ತಾ? ಸ್ವಲ್ಪ ತಡೀರಿ. ಅದರಲ್ಲಿ ಬ್ಯಾಕ್ಟೀರಿಯಾ ಗಡ್ಡೆಯವರೂ ಇದ್ರು, ಮತ್ತು ಅದು ಕೀವು ತೆಗೀಲೇಬೇಕು ಅಂತ ತೀರ್ಮಾನ ಆದವರ ಲೆಕ್ಕ.

ತೆಗೀಲೇಬೇಕಾ ಅನ್ನೋದು ಬೇರೆ ಪ್ರಶ್ನೆ. 2009ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ತೊಡಕಿಲ್ಲದ ಅಮೀಬಾ ಗಡ್ಡೆಗಳ 7 ಪ್ರಯೋಗ, 310 ರೋಗಿಗಳನ್ನ ಒಟ್ಟಿಗೆ ಇಟ್ಟು ನೋಡ್ತು. ಮಾತ್ರೆ ಜೊತೆ ಸೂಜಿಯೂ ಹಾಕಿದ್ರೆ ಹೆಚ್ಚು ಲಾಭ ಇದೆ ಅಂತಲೂ ಇಲ್ಲ ಅಂತಲೂ ಹೇಳೋಕೆ ಈ ಪುರಾವೆ ಸಾಲದು ಅಂತ ಬರೀತು.

ಅಂದ್ರೆ ಇದು ಯಾವುದು ಬೆಸ್ಟ್ ಅನ್ನೋ ಪ್ರಶ್ನೆಯೇ ಅಲ್ಲ. ಈ ಗಡ್ಡೆಗೆ, ಈ ದಿನ, ಯಾವುದು ಬೇಕು ಅನ್ನೋ ಪ್ರಶ್ನೆ. ಡಾಕ್ಟರ್ ಮೂರು ನಾಲ್ಕು ದಿನ ನೋಡೋಣ ಅಂದಿದ್ದು ಸೋಮಾರಿತನ ಅಲ್ಲ. ಅದೂ ಚಿಕಿತ್ಸೆಯ ಒಂದು ಭಾಗ.

ಮಾವನಿಗೆ ನಾಲ್ಕನೇ ದಿನವೂ ಜ್ವರ ಬಿಡಲಿಲ್ಲ. ಐದನೇ ದಿನ ಸ್ಕ್ಯಾನ್ ನೋಡ್ಕೊಂಡು ಒಂದು ಸಲ ಸೂಜಿ ಹಾಕಿದ್ರು. ಚಾಕೊಲೇಟ್ ಬಣ್ಣದ್ದೇ ಬಂತು. ಮರುದಿನ ಬೆಳಗ್ಗೆ ಇಡ್ಲಿ ಕೇಳಿದ್ರು. ಅತ್ತೆ ಆವಾಗ ಅತ್ತಿದ್ದು.

ಭಾಗ 8/9

ಕತೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ದಯವಿಟ್ಟು ಈ ಭಾಗ ಸ್ಕಿಪ್ ಮಾಡಬೇಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ಮೆಟ್ರೊನಿಡಜೋಲ್ ಕೆಳಗೆ ಇನ್ನೊಂದು ಮಾತ್ರೆ ಬರೆದಿತ್ತು: ಡೈಲೊಕ್ಸನೈಡ್. ಮೊದಲನೇದು ಮುಗಿದ ಮೇಲೆ ತಗೋಬೇಕು ಅಂತ. ಒಂದು ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಸ್ಟಾಕ್ ಇಲ್ಲ ಅಂದ್ರು. ಮಾವನಿಗೆ ಅಷ್ಟೊತ್ತಿಗೆ ಮೈ ಹಗುರ. "ಬಿಡು, ಸರಿಹೋಗಿದೆಯಲ್ಲ" ಅಂತ ಚೀಟಿ ಮಡಚಿ ಟಿವಿ ಕೆಳಗೆ ಇಟ್ರು.

ನಾನು ಟೇಬಲ್ ತುಂಬ್ತಾ ಇದ್ದಾಗ ಆ ಹೆಸರು ಮತ್ತೆ ಕಣ್ಣಿಗೆ ಬಿತ್ತು. ಆವಾಗಲೇ ಅರ್ಥ ಆಗಿದ್ದು. ಮೆಟ್ರೊನಿಡಜೋಲ್ ಹೊಟ್ಟೆಯಿಂದ ರಕ್ತಕ್ಕೆ ಎಷ್ಟು ಚೆನ್ನಾಗಿ ಹೋಗುತ್ತೆ ಅಂದ್ರೆ, ದೊಡ್ಡ ಕರುಳಿನ ಒಳಗೆ ಸಾಕಷ್ಟು ಉಳಿಯಲ್ಲ. ಲಿವರಲ್ಲಿರೋ ಅಮೀಬಾ ಸಾಯುತ್ತೆ. ಕರುಳಲ್ಲಿರೋದು, ಅಂದ್ರೆ ಇಡೀ ಕಾಯಿಲೆಯ ಬೀಜ, ಬದುಕಿ ಉಳೀಬಹುದು. ಆ ಒಂದು ಔಷಧಿ ಮಾತ್ರ ತಗೊಂಡವರಲ್ಲಿ ನೂರಕ್ಕೆ 40ರಿಂದ 60 ಜನರ ಕರುಳಲ್ಲಿ ಅಮೀಬಾ ಉಳಿಯುತ್ತೆ ಅಂತ ಲೆಕ್ಕ. ಅದು ಮತ್ತೆ ಲಿವರ್‌ಗೆ ಹೋಗಬಹುದು. ಮಲದ ಮೂಲಕ ಮನೆಯವರಿಗೂ ಹರಡಬಹುದು.

ಡೈಲೊಕ್ಸನೈಡ್, ಪ್ಯಾರೊಮೊಮೈಸಿನ್ ಥರದವು ಉಲ್ಟಾ. ಅವು ಇರೋದೇ ಕರುಳನ್ನ ಗುಡಿಸೋಕೆ.

ನಮ್ಮ ಮನೇಲಿ ಆಪರೇಷನ್, ಪೈಪ್, ಸೂಜಿ ಅಂತ ಅಷ್ಟು ಜನ ಜಗಳ ಆಡಿದ್ವಿ. ಈ ಕೊನೇ ಮಾತ್ರೆ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನನ್ನ ಟೇಬಲ್ಲಲ್ಲೂ ಅದಕ್ಕೆ ಕಾಲಂ ಇರಲಿಲ್ಲ. ಐದನೇ ಕಾಲಂ ಎಳೆದೆ. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದೆ. "ತಗೋಲೇಬೇಕು, ಬೇರೆ ಕಡೆ ವಿಚಾರಿಸಿ" ಅಂದ್ರು. ನಾಲ್ಕನೇ ಅಂಗಡಿಯಲ್ಲಿ ಸಿಕ್ತು. ಮಾವ ಗೊಣಗಿಕೊಂಡೇ ಪೂರ್ತಿ ಕೋರ್ಸ್ ಮುಗಿಸಿದ್ರು.

ಇನ್ನೊಂದು ಮಾತು. ತಿಂಗಳಾದ ಮೇಲೆ ಸ್ಕ್ಯಾನಲ್ಲಿ ಗಡ್ಡೆಯ ಗುರುತು ಹಾಗೇ ಇತ್ತು, ಅಮ್ಮ ಗಾಬರಿಯಾದ್ರು. ಅದು ಪೂರ್ತಿ ಮಾಯ ಆಗೋಕೆ ಎಷ್ಟೋ ತಿಂಗಳು ಬೇಕು. ಜ್ವರ ಇಲ್ಲ, ನೋವಿಲ್ಲ, ಊಟ ಸೇರ್ತಿದೆ ಅಂದ್ರೆ ಬರೀ ಆ ಗುರುತಿಗೆ ಹೆದರಬೇಕಿಲ್ಲ ಅಂದ್ರು ಡಾಕ್ಟರ್.

ಭಾಗ 9/9

ಕೊನೇದಾಗಿ ನೀರು. ಯಾಕಂದ್ರೆ ಈ ಕತೆ ಶುರುವಾಗೋದೇ ಅಲ್ಲಿಂದ.

ರೋಜರ್ಸ್ ಭಾರತಕ್ಕೆ ಬಂದ ಆಸುಪಾಸಿನಲ್ಲೇ, 1894ರಲ್ಲಿ, ನಮ್ಮ ಪಕ್ಕದಲ್ಲಿ ಒಂದು ದೊಡ್ಡ ಕೆಲಸ ಆಯ್ತು. ಬೆಂಗಳೂರಿನ ಕೆರೆಗಳು ಕೊಳಕಾಗ್ತಿದ್ವು, ಬರ ಬಂದಾಗ ಒಣಗ್ತಿದ್ವು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿ, ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಹೆಸರಿಟ್ರು. ಇಟ್ಟಿಗೆ ಕಾಲುವೆಯಲ್ಲಿ ತರಬನಹಳ್ಳಿಗೆ, ಅಲ್ಲಿಂದ ಸೋಲದೇವನಹಳ್ಳಿಗೆ ಬಂದ ನೀರನ್ನ ಪಂಪ್ ಮಾಡಿ ಊರಿಗೆ ಕಳಿಸ್ತಿದ್ರು. ನಾವು ದಿನಾ ಬಸ್ಸಲ್ಲಿ ದಾಟೋ ಅದೇ ಸೋಲದೇವನಹಳ್ಳಿ.

ಬೆಂಗಳೂರಿಗೆ ಪೈಪಲ್ಲಿ ನೀರು ಹೋಗಿದ್ದು ನಮ್ಮ ಪಕ್ಕದಿಂದ. ಇವತ್ತು ನಮ್ಮ ಬೀದಿಯಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್. ಸಂಪಿನ ಪಕ್ಕದಲ್ಲೇ ಮೋರಿ ಪೈಪು. ಮಾವನಿಗೆ ಎಲ್ಲಿಂದ ಬಂತು ಅಂತ ಯಾರೂ ಬೆಟ್ಟು ಮಾಡಿ ತೋರಿಸೋಕಾಗಲ್ಲ. ಮನೆ ಸಂಪಾ, ಕೆಲಸದ ಜಾಗದ ಡ್ರಮ್ಮಾ, ಬೀದಿ ಬದಿ ಚಟ್ನಿನಾ, ಯಾವುದೂ ಆಗಿರಬಹುದು.

ಇಷ್ಟು ಮಾತ್ರ ಗೊತ್ತು. ಅಮೀಬಾ ಸಿಸ್ಟ್ ಮಾಮೂಲಿ ಪ್ರಮಾಣದ ಕ್ಲೋರಿನ್‌ಗೆ ಸುಲಭವಾಗಿ ಸಾಯಲ್ಲ. ಕುದಿಸಿದ್ರೆ ಸಾಯುತ್ತೆ. ಒಳ್ಳೆ ಫಿಲ್ಟರ್ ಅದನ್ನ ತಡೆಯುತ್ತೆ. ಊಟಕ್ಕೆ ಮುಂಚೆ, ಟಾಯ್ಲೆಟ್ ಆದ ಮೇಲೆ ಸೋಪು ಹಾಕಿ ಕೈ ತೊಳೆದ್ರೆ ಅರ್ಧ ದಾರಿ ಮುಚ್ಚಿದ ಹಾಗೆ. ನಮ್ಮ ಮನೇಲಿ ಈಗ ಕುಡಿಯೋ ನೀರು ಕುದಿಸ್ತೀವಿ. ಮಾವನ ಮನೇಲಿ ಸಂಪು ತೊಳೆಸಿದ್ರು.

ಇನ್ನೂರು ವರ್ಷದಲ್ಲಿ ಜಿಗಣೆ ಹೋಯ್ತು, ಚಾಕು ಹಿಂದೆ ಸರೀತು, ಸೂಜಿ ಬೇಕಾದಾಗ ಮಾತ್ರ ಬರುತ್ತೆ, ಮಾತ್ರೆ ದೋಸೆಗಿಂತ ಅಗ್ಗ ಆಯ್ತು. ಆದ್ರೂ ಕೆಲಸ ಕೆಡೋದು ಎರಡು ಕಡೆ: ನಾಚಿಕೆಯಿಂದ ತಡವಾಗಿ ಹೋಗೋದು, ಹುಷಾರಾಯ್ತು ಅಂತ ಕೊನೇ ಮಾತ್ರೆ ಬಿಡೋದು. ಎರಡನ್ನೂ ನಮ್ಮ ಮನೇಲೇ ಕಣ್ಣಾರೆ ನೋಡಿದೆ.

ನಿಮ್ಮ ಮನೇಲಿ ದುಡಿಯೋ ಅಪ್ಪ, ಅಣ್ಣ, ಮಾವ ಯಾರಾದ್ರೂ ಬಲಪಕ್ಕೆ ನೋವು, ಚಳಿ ಜ್ವರ ಅಂದ್ರೆ ಗ್ಯಾಸ್ ಅಂತ ಬಿಡಬೇಡಿ, ಕರ್ಕೊಂಡು ಹೋಗಿ. ಚೀಟಿಯ ಕೊನೇ ಸಾಲನ್ನೂ ಓದಿ. ಮಾವ ಈಗ ವಾಪಸ್ ಲೇತ್ ಮುಂದೆ ಇದ್ದಾರೆ. ಇದನ್ನೆಲ್ಲ ಬರೀಲಾ ಅಂತ ಕೇಳಿದ್ದಕ್ಕೆ "ಹೆಸರು ಹಾಕಬೇಡ, ಉಳಿದಿದ್ದೆಲ್ಲ ಬರಿ" ಅಂದ್ರು.

ಸೇವ್ ಮಾಡ್ಕೊಳ್ಳಿ. ಮನೆ ಗ್ರೂಪಿಗೆ ಕಳಿಸಿ.

#ಚಿಕ್ಕಬಾಣಾವರ #ನಮ್ಮೂರಇತಿಹಾಸ #ಹೆಸರಘಟ್ಟ #ಪೀಣ್ಯ #ಕುದಿಸಿಕುಡಿಯಿರಿ